ರೊಟ್ಟಿ ಬಡಿಯೋ ಕೈಗೇ ಕೀಲಿಕೈ ಬರಲಿ



ಈ ವಾರ ಗೊಬ್ಬರ, ಕೀಟ, ರೋಗದ ಮಾತು ಬಿಟ್ಟು ಸ್ವಲ್ಪ ಬೇರೆ ವಿಷಯ ಬರೀತಿದ್ದೀನಿ. ಬೇರೆ ಅಂದರೂ ಪೂರ್ತಿ ಬೇರೆಯಲ್ಲ. ನಮ್ಮ ಹೊಲದ ಜೋಳ ಕೊನೆಗೆ ಎಲ್ಲಿ ಹೋಗಿ ಮುಟ್ಟುತ್ತದೆ, ಅದರ ಲಾಭ ಯಾರ ಕೈ ಸೇರುತ್ತದೆ ಅನ್ನೋದೇ ವಿಷಯ.

'ಸ್ಟಾರ್ಟಪ್' ಅಂದ ಕೂಡಲೇ ನಮಗೆ ನೆನಪಾಗೋದು ಬೆಂಗಳೂರಿನ ಗಾಜಿನ ಕಟ್ಟಡ, ಲ್ಯಾಪ್‌ಟಾಪ್, ಇಂಗ್ಲಿಷ್ ಮಾತು. ಕಲಬುರಗಿ ಕೋಟೆ ಸುತ್ತಲಿನ ಓಣಿಯೊಳಗೆ, ಸೂಪರ್ ಮಾರ್ಕೆಟ್ ಕಡೆ, ಕಮಲಾಪುರದಂಥ ಊರುಗಳ ಅಡುಗೆಮನೆಯೊಳಗೆ ಬೆಳಗಿನ ಜಾವ ಕೇಳೋ ಪಟಪಟ ರೊಟ್ಟಿ ಬಡಿಯೋ ಸದ್ದನ್ನ ಯಾರೂ ಆ ಹೆಸರಿಂದ ಕರೆಯೋದಿಲ್ಲ. ನಾನು ಕರೀತೀನಿ. ಕರೆದ ಮೇಲೆ ಒಂದು ಪ್ರಶ್ನೆಯನ್ನೂ ಕೇಳಲೇಬೇಕಾಗುತ್ತದೆ: ಈ ಸ್ಟಾರ್ಟಪ್ಪಿನ ಮಾಲೀಕರು ಯಾರು?

ಇದೂ ಸ್ಟಾರ್ಟಪ್ಪೇ

ನಮ್ಮ ಜಿಲ್ಲೆಯ ಮಹಿಳಾ ಸ್ವಸಹಾಯ ಸಂಘಗಳು ಜಿಲ್ಲಾಡಳಿತದ ಬೆಂಬಲದಿಂದ ಸಹಕಾರ ಸಂಘ ಕಟ್ಟಿಕೊಂಡು 'ಕಲಬುರಗಿ ರೊಟ್ಟಿ' ಅಂತ ಬ್ರ್ಯಾಂಡ್ ಮಾಡಿರೋದು ನಿಮಗೆ ಗೊತ್ತೇ ಇದೆ. 2025ರ ಜೂನ್ 29ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಯವರೂ ಇದರ ಬಗ್ಗೆ ಮಾತಾಡಿದರು. ದಿನಕ್ಕೆ 3,000ಕ್ಕೂ ಹೆಚ್ಚು ರೊಟ್ಟಿ ತಯಾರಾಗುತ್ತಿವೆ, ಬೆಂಗಳೂರಿನಲ್ಲಿ ವಿಶೇಷ ಕೌಂಟರ್ ತೆರೆದಿದೆ, ಆನ್‌ಲೈನಿನಲ್ಲೂ ಆರ್ಡರ್ ಬರುತ್ತಿದೆ ಅಂತ ಹೇಳಿದರು.

ಸ್ಟಾರ್ಟಪ್ಪಿಗೆ ಬೇಕಾದದ್ದು ಎರಡು. ಜನರ ಒಂದು ನಿಜವಾದ ತೊಂದರೆ, ಅದಕ್ಕೆ ಜನ ದುಡ್ಡು ಕೊಟ್ಟು ತಗೊಳ್ಳೋ ಪರಿಹಾರ. ನಮ್ಮ ಭಾಗದ ಎಷ್ಟು ಹುಡುಗ ಹುಡುಗಿಯರು ಬೆಂಗಳೂರು, ಪುಣೆ, ಹೈದರಾಬಾದ್‌ನಲ್ಲಿ ದುಡಿಯುತ್ತಿದ್ದಾರೆ? ಅವರಿಗೆ ರೊಟ್ಟಿ ಬೇಕು, ಬಡಿಯೋಕೆ ಬರೋದಿಲ್ಲ, ಬಂದರೂ ಹೊತ್ತಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಅನ್ನ ಕಡಿಮೆ ಮಾಡು ಅಂತ ಡಾಕ್ಟರು ಹೇಳಿದ್ದಾರೆ. ಇತ್ತ ಹಳ್ಳಿಯಲ್ಲಿ ಹೆಣ್ಣುಮಕ್ಕಳಿಗೆ ಕೈತುಂಬ ಕಸುಬು ಗೊತ್ತು, ಕೈಗೆ ಕಾಸಿಲ್ಲ. ಈ ಎರಡೂ ತೊಂದರೆಗೆ ಒಂದೇ ಉತ್ತರ ಖಡಕ್ ರೊಟ್ಟಿ. ಫ್ರಿಜ್ ಬೇಡ, ವಾರಗಟ್ಟಲೆ ಇಟ್ಟರೂ ಕೆಡೋದಿಲ್ಲ, ಬಸ್ಸಿನಲ್ಲಿ ಹಾಕಿ ಕಳಿಸಬಹುದು.

ಆದರೆ 2016ರ ಜನವರಿಯಲ್ಲಿ ಸ್ಟಾರ್ಟಪ್ ಇಂಡಿಯಾ ಶುರುವಾದಾಗ ಮಾನ್ಯತೆ ಕೊಟ್ಟಿದ್ದು ಪ್ರೈವೇಟ್ ಲಿಮಿಟೆಡ್ ಕಂಪನಿ, ಎಲ್‌ಎಲ್‌ಪಿ, ನೋಂದಾಯಿತ ಪಾಲುದಾರಿಕೆ ಸಂಸ್ಥೆಗಳಿಗೆ. ಹತ್ತು ಹದಿನೈದು ಹೆಂಗಸರು ವಾರಕ್ಕೊಮ್ಮೆ ಕೂತು ಉಳಿತಾಯದ ಪುಸ್ತಕ ಬರೆಯೋ ಸಂಘಕ್ಕೆ ಆ ಪಟ್ಟಿಯಲ್ಲಿ ಜಾಗ ಇರಲಿಲ್ಲ. ನಾವೂ ಹಾಗೇ ಯೋಚನೆ ಮಾಡೋದನ್ನ ರೂಢಿ ಮಾಡಿಕೊಂಡೆವು. ಇಂಜಿನಿಯರ್ ಮಾಡಿದರೆ 'ಉದ್ಯಮ', ಅಕ್ಕ ಮಾಡಿದರೆ 'ಮನೆಗೆ ಒಂದಿಷ್ಟು ಆಸರೆ'.

ರೊಟ್ಟಿಯೊಳಗೂ ತಂತ್ರಜ್ಞಾನ ಇದೆ

"ರೊಟ್ಟಿಯಲ್ಲಿ ಹೊಸದೇನದ?" ಅಂತ ಕೇಳೋರಿದ್ದಾರೆ. ಸ್ವಲ್ಪ ವಿಜ್ಞಾನ ನೋಡೋಣ.

ಗೋಧಿಯಲ್ಲಿ ಗ್ಲುಟೆನ್ ಇದೆ, ಹಾಗಾಗಿ ಹಿಟ್ಟು ತಾನೇ ಹಿಡಿದುಕೊಳ್ಳುತ್ತದೆ. ಜೋಳದಲ್ಲಿ ಅದಿಲ್ಲ. ಕುದಿಯೋ ನೀರು ಹಾಕಿದಾಗ ಹಿಟ್ಟಿನ ಪಿಷ್ಟ ಬೆಂದು ಅಂಟಾಗುತ್ತದೆ, ಆ ಅಂಟಿನ ಮೇಲೇ ಇಡೀ ರೊಟ್ಟಿ ನಿಂತಿರುತ್ತದೆ. ನೀರು ಎಷ್ಟು ಕಾಯಬೇಕು, ಎಷ್ಟು ಹಾಕಬೇಕು, ಎಷ್ಟು ನಾದಬೇಕು ಅನ್ನೋದು ಜೋಳದಿಂದ ಜೋಳಕ್ಕೆ ಬದಲಾಗುತ್ತದೆ. ಮಳೆಗೆ ಸಿಕ್ಕಿ ಕಪ್ಪಾದ ಜೋಳ, ಬೀಸಿ ಬಹಳ ದಿನ ಇಟ್ಟ ಹಿಟ್ಟು ಜಿಗಿ ಕಳೆದುಕೊಳ್ಳುತ್ತದೆ. ಅಂಥ ಹಿಟ್ಟಿನ ರೊಟ್ಟಿ ಬಡಿಯುವಾಗಲೇ ಅಂಚು ಒಡೆಯುತ್ತದೆ. ನಮ್ಮ ಅವ್ವಂದಿರು ಒಂದು ಹಿಡಿ ಹಿಟ್ಟು ಮುಟ್ಟಿ ಇದನ್ನ ಹೇಳಿಬಿಡುತ್ತಾರೆ.

ವ್ಯಾಪಾರಕ್ಕೆ ಇದರ ಅರ್ಥ ಏನು? ಒಂದು, ಒಳ್ಳೆ ರೊಟ್ಟಿಗೆ ತಾಜಾ ಬೀಸಿದ ಹಿಟ್ಟು ಬೇಕು, ಅಂದರೆ ಗಿರಣಿ ಹತ್ತಿರದಲ್ಲಿರಬೇಕು. ಎರಡು, ಯಾವ ಹೊಲದ, ಯಾವ ತಳಿಯ ಜೋಳ ಅನ್ನೋದು ಮುಖ್ಯ. ಹಿಂಗಾರಿಯ ಮಾಲ್ದಂಡಿ ಜೋಳದ ರೊಟ್ಟಿ ತಿಂದವರಿಗೆ ಬೇರೆ ಜೋಳ ಸಪ್ಪೆ ಅನಿಸುತ್ತದೆ. ಮೂರು, ಈ ಎರಡನ್ನೂ ಒಟ್ಟುಗೂಡಿಸೋ ಜ್ಞಾನ ಇರೋದು ಹೆಣ್ಣುಮಕ್ಕಳ ಕೈಯಲ್ಲಿ. ದೂರದ ದೊಡ್ಡ ಕಂಪನಿ ಇದನ್ನ ಸುಲಭವಾಗಿ ನಕಲು ಮಾಡೋಕಾಗೋದಿಲ್ಲ. ಸಾಫ್ಟ್‌ವೇರ್ ಕಂಪನಿಗೆ ಅದರ ಕೋಡ್ ಹೇಗೋ ಈ ಹೆಣ್ಣುಮಕ್ಕಳಿಗೆ ಇದು ಹಾಗೆ. ಕೋಡ್ ಬರೆದವರಿಗೆ ಕಂಪನಿಯಲ್ಲಿ ಪಾಲು ಕೊಡ್ತಾರೆ. ರೊಟ್ಟಿ ಬಡಿದವರಿಗೆ?

ತಾಸಿನ ಕೂಲಿ ಲೆಕ್ಕ

ಒಂದು ನಮೂನೆ ಲೆಕ್ಕ ಹಾಕೋಣ. ದರಗಳು ಊರಿಂದ ಊರಿಗೆ ಬೇರೆ ಇರುತ್ತವೆ, ನಿಮ್ಮ ಊರಿನದ್ದು ಹಾಕಿಕೊಳ್ರಿ.

ಒಂದು ಕಿಲೋ ಹಿಟ್ಟಿಗೆ 22 ತೆಳ್ಳನೆ ರೊಟ್ಟಿ ಅಂತಿಟ್ಟುಕೊಳ್ಳಿ. ಜೋಳಕ್ಕೆ 40 ರೂಪಾಯಿ, ಬೀಸಿದ್ದಕ್ಕೆ 5, ಉರುವಲು ಅಥವಾ ಗ್ಯಾಸಿಗೆ 15, ಪ್ಯಾಕಿಂಗಿಗೆ 20, ಸಾಗಣೆ ಮತ್ತು ಮುರಿದು ಹೋಗೋ ರೊಟ್ಟಿಗೆ 15. ಒಟ್ಟು 95 ರೂಪಾಯಿ ಖರ್ಚು. ಅಂಗಡಿಯವ ರೊಟ್ಟಿಗೆ 6 ರೂಪಾಯಿಯಂತೆ ತಗೊಂಡರೆ ಬರೋದು 132. ಉಳಿದದ್ದು 37 ರೂಪಾಯಿ. 22 ರೊಟ್ಟಿ ನಾದಿ, ಬಡಿದು, ಬೇಯಿಸಿ, ಒಣಗಿಸೋಕೆ ಕಡಿಮೆ ಅಂದರೂ ಒಂದು ತಾಸು. ಅಂದರೆ ಬೆಂಕಿ ಮುಂದೆ ಕೂತ ಒಂದು ತಾಸಿಗೆ 37 ರೂಪಾಯಿ.

ಅದೇ ರೊಟ್ಟಿ ನಗರದಲ್ಲಿ 10 ರೂಪಾಯಿಗೆ ಹೋದರೆ 220 ಆಯ್ತು. ನಡುವಿನವನಿಗೆ 88. ಬಡಿದವಳಿಗಿಂತ ಮಾರಿದವನಿಗೆ ಎರಡು ಪಟ್ಟಿಗೂ ಹೆಚ್ಚು. ಮಾರೋದು ಕೆಲಸವಲ್ಲ ಅಂತ ನಾನು ಹೇಳ್ತಿಲ್ಲ. ಅಂಗಡಿ ಬಾಡಿಗೆ, ಕರೆಂಟು ಅವನಿಗೂ ಇದೆ. ಆದರೆ ಆ 88ರಲ್ಲಿ ಅರ್ಧ, 44 ರೂಪಾಯಿ, ಸಂಘದ ಪಾಲಿಗೆ ಬಂದರೂ ತಾಸಿನ ದುಡಿಮೆ 37ರಿಂದ 81ಕ್ಕೆ ಏರುತ್ತದೆ. ಬ್ರ್ಯಾಂಡ್, ಸ್ವಂತ ಕೌಂಟರ್, ನೇರ ಆರ್ಡರ್ ಇವೆಲ್ಲ ಬೇಕಾಗಿರೋದು ಆ 44 ರೂಪಾಯಿಗಾಗಿ. ಫೋಟೋಕ್ಕಾಗಿ ಅಲ್ಲ.

ಹಾಗಾಗಿ ಯಾರಾದರೂ "ನಮ್ಮ ಸಂಘ ತಿಂಗಳಿಗೆ ಇಷ್ಟು ಲಕ್ಷ ವಹಿವಾಟು ಮಾಡ್ತು" ಅಂದರೆ ನಾನು ಕೇಳೋದು ಒಂದೇ: "ತಾಸಿಗೆ ಎಷ್ಟು ಬಿತ್ತಕ್ಕಾ?"

3,000 ರೊಟ್ಟಿ ಅಂದರೆ ಎಷ್ಟು ಹೊಲ?

ಈಗ ರೈತರ ಕಡೆಯಿಂದ ನೋಡೋಣ. ದಿನಕ್ಕೆ 3,000 ರೊಟ್ಟಿ ಅಂದರೆ ಮೇಲಿನ ಲೆಕ್ಕದಲ್ಲಿ ಸುಮಾರು 136 ಕಿಲೋ ಜೋಳ. ವರ್ಷಕ್ಕೆ 300 ದಿನ ಕೆಲಸ ನಡೆದರೆ ಸುಮಾರು 410 ಕ್ವಿಂಟಲ್. ಒಣಬೇಸಾಯದಲ್ಲಿ ಎಕರೆಗೆ 5 ಕ್ವಿಂಟಲ್ ಹಿಡಿದರೆ ಸುಮಾರು 80 ಎಕರೆ ಜೋಳ ಸಾಕು.

80 ಎಕರೆ! ಇಡೀ ಜಿಲ್ಲೆಯ ಮುಂದೆ ಇದು ಏನೂ ಅಲ್ಲ. ಇದರಿಂದ ಕಲಬುರಗಿಯ ರೈತರ ಹಣೆಬರಹ ಬದಲಾಯ್ತು ಅನ್ನೋದು ಅತಿಯಾಯ್ತು. ಆದರೆ ಇನ್ನೊಂದು ರೀತಿಯಲ್ಲಿ ನೋಡ್ರಿ. ಒಂದೆರಡು ಊರಿನ ಮೂವತ್ತು ನಲವತ್ತು ರೈತ ಕುಟುಂಬ, ಅದರಲ್ಲೂ ಹೆಣ್ಣುಮಕ್ಕಳೇ ಹೊಲ ನೋಡಿಕೊಳ್ಳೋ ಕುಟುಂಬಗಳ ಜೊತೆ, ಬಿತ್ತನೆಗೆ ಮುಂಚೆಯೇ ಒಪ್ಪಂದ ಮಾಡಿಕೊಂಡರೆ ಇಷ್ಟು ಜೋಳ ಬರುತ್ತದೆ. ಕೈಗೆಟುಕೋ ಕೆಲಸ ಇದು.

ಯಾಕೆ ಒಪ್ಪಂದ ಬೇಕು? ನಮ್ಮ ಕಡೆ ಜೋಳ ಬಿತ್ತೋರು ಕಡಿಮೆಯಾಗುತ್ತಿದ್ದಾರೆ. 2025-26ರ ಬೆಂಬಲ ಬೆಲೆ ನೋಡಿ. ತೊಗರಿಗೆ ಕ್ವಿಂಟಲಿಗೆ 8,000 ರೂಪಾಯಿ, ಮಾಲ್ದಂಡಿ ಜೋಳಕ್ಕೆ 3,749. ಜೂನ್‌ನಲ್ಲಿ ಬಿತ್ತಿದ ತೊಗರಿ ಡಿಸೆಂಬರ್, ಜನವರಿವರೆಗೆ ಹೊಲದಲ್ಲೇ ಇರುತ್ತದೆ, ಹಾಗಾಗಿ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಹಿಂಗಾರಿ ಜೋಳಕ್ಕೆ ಹೊಲವೇ ಖಾಲಿ ಇರೋದಿಲ್ಲ. ಜೋಳದ ಕೊಯ್ಲಿಗೆ ಆಳು ಸಿಗೋದಿಲ್ಲ, ಹಕ್ಕಿ ಕಾಯೋರಿಲ್ಲ. ರೈತ ತೊಗರಿ ಹಾಕೋದು ತಪ್ಪಲ್ಲ, ಅವನಿಗೂ ಸಂಸಾರ ಇದೆ. ಆದರೆ ವರ್ಷ ವರ್ಷ ತೊಗರಿ ಮೇಲೆ ತೊಗರಿ ಹಾಕಿದ ಹೊಲದಲ್ಲಿ ನೆಟೆ ರೋಗ ಹೇಗೆ ಕೂತುಬಿಡುತ್ತದೆ ಅಂತ ನಮಗೆಲ್ಲ ಗೊತ್ತು. ನಡುವೆ ಜೋಳ ಬಂದರೆ ಮಣ್ಣಿಗೂ ಒಳ್ಳೇದು, ದನಕ್ಕೆ ಕಣಿಕೆಯೂ ಸಿಗುತ್ತದೆ.

ರೊಟ್ಟಿ ಸಂಘ ಬೆಂಬಲ ಬೆಲೆಗಿಂತ ಕಿಲೋಗೆ 5 ರೂಪಾಯಿ ಹೆಚ್ಚು ಕೊಟ್ಟು ನೇರವಾಗಿ ಜೋಳ ತಗೊಂಡರೆ ರೈತನಿಗೆ ಎಕರೆಗೆ 2,500 ರೂಪಾಯಿ ಹೆಚ್ಚಿಗೆ ಸಿಕ್ಕಿತು. ರೊಟ್ಟಿಯ ಮೇಲೆ ಬಿದ್ದ ಹೊರೆ? 23 ಪೈಸೆ. ಬೆಂಗಳೂರಿನ ಗಿರಾಕಿ 23 ಪೈಸೆಗೆ ರೊಟ್ಟಿ ಬಿಡೋದಿಲ್ಲ.

ಬರೀ ಹೆಸರಿಂದ ಹೊಟ್ಟೆ ತುಂಬೋದಿಲ್ಲ

ಬ್ರ್ಯಾಂಡ್ ಬಂತು, ಇನ್ನೇನು ಬೇಕು ಅನ್ನೋರು ಕಮಲಾಪುರಕ್ಕೆ ಬಂದು ಕೆಂಪು ಬಾಳೆ ತೋಟ ಹುಡುಕಬೇಕು. ಹುಮನಾಬಾದ್ ರಸ್ತೆಯಲ್ಲಿ ಹೋಗೋರೆಲ್ಲ ಗಾಡಿ ನಿಲ್ಲಿಸಿ ಕೇಳೋ ಹಣ್ಣು ಅದು. ಜಿಐ ಮಾನ್ಯತೆ ಸಿಕ್ಕು ಹದಿನೈದು ವರ್ಷ ದಾಟಿದೆ. ಆದರೂ ಬೆಳೆಯೋ ಜಾಗ ಕುಗ್ಗುತ್ತಲೇ ಬಂದಿದೆ. ಕಾರಣ ತೋಟಗಾರಿಕೆ ಓದಿದ ಯಾರಾದರೂ ಹೇಳ್ತಾರೆ. ಬೇರೆ ಬಾಳೆ ವರ್ಷದೊಳಗೆ ಗೊನೆ ಕೊಟ್ಟರೆ ಇದಕ್ಕೆ ಒಂದೂವರೆ ವರ್ಷ. ನೀರು, ತಿಪ್ಪೆಗೊಬ್ಬರ ಎರಡೂ ಜಾಸ್ತಿ ಬೇಕು. ಅಷ್ಟು ದಿನ ಕಾದ ರೈತನಿಗೆ ಆ ಹೆಸರಿನ ಲಾಭ ಪೂರ್ತಿ ಮುಟ್ಟೋದಿಲ್ಲ. ತೊಗರಿ ಬೇಳೆಗೂ 2019ರಲ್ಲಿ ಜಿಐ ಬಂತು. ಹೆಸರು ಬಂದದ್ದು ಸಂತೋಷ, ಆದರೆ ರಾಶಿ ಮಾಡಿ ಮಾರ್ಕೆಟ್ಟಿಗೆ ಹೋದ ದಿನ ಎಷ್ಟು ಮಂದಿ ರೈತರು ಜಿಐ ಹೆಸರು ಹೇಳಿ ಹೆಚ್ಚು ಬೆಲೆ ತಗೊಂಡಿದ್ದಾರೆ, ನೀವೇ ಹೇಳಿ.

ನಾನೂ ಇದೇ ಭಾಗದಲ್ಲಿ ಸಾವಯವದಲ್ಲಿ ಬಾಳೆ, ತರಕಾರಿ ಬೆಳೆದು ಮಾರೋಳು. ಒಬ್ಬ ವ್ಯಾಪಾರಿ ಡಬ್ಬಿಯ ಮೇಲೆ "ರೈತ ಮಹಿಳೆಯಿಂದ ನೇರವಾಗಿ" ಅಂತ ಬರೆಸಿಕೊಂಡ, ದುಡ್ಡು ಕೊಟ್ಟದ್ದು ನಾಲ್ಕು ತಿಂಗಳ ಮೇಲೆ. ಹೆಸರು ಮುಂದೆ, ಹಣ ಹಿಂದೆ. ರೊಟ್ಟಿ ಅಕ್ಕಂದಿರಿಗೆ ಹಾಗಾಗಬಾರದು ಅಂತಲೇ ಇಷ್ಟೆಲ್ಲ ಬರೀತಿರೋದು.

ದಾರಿ ತೋರಿದವರಿದ್ದಾರೆ

1959ರ ಮಾರ್ಚ್‌ನಲ್ಲಿ ಮುಂಬೈನ ಗಿರಗಾಂವ್‌ನಲ್ಲಿ ಏಳು ಮಂದಿ ಗುಜರಾತಿ ಹೆಣ್ಣುಮಕ್ಕಳು 80 ರೂಪಾಯಿ ಸಾಲ ತಗೊಂಡು ಮಹಡಿ ಮೇಲೆ ಹಪ್ಪಳ ಲಟ್ಟಿಸಿದರು. ಮೊದಲ ದಿನ ನಾಲ್ಕು ಪ್ಯಾಕೆಟ್. ಅದೇ ಇವತ್ತಿನ ಲಿಜ್ಜತ್ ಪಾಪಡ್. ಅವರಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಅಲ್ಲಿ ಹಪ್ಪಳ ಲಟ್ಟಿಸೋಳು ಕೂಲಿಯವಳಲ್ಲ, ಸದಸ್ಯೆ. ಲಾಭದಲ್ಲಿ ಪಾಲಿದೆ. ಹಿಟ್ಟು ಕೇಂದ್ರದಲ್ಲಿ ತಯಾರಾಗುತ್ತದೆ, ಮನೆಗೆ ಒಯ್ದು ಲಟ್ಟಿಸಿ ಮರುದಿನ ತಂದು ಕೊಡುತ್ತಾರೆ. ಜೋಳದ ಹಿಟ್ಟನ್ನ ನಾದಿ ಹಾಗೆ ಇಟ್ಟು ಒಯ್ಯೋಕೆ ಬರೋದಿಲ್ಲ, ಹಾಗಾಗಿ ಆ ಪದ್ಧತಿ ನಮಗೆ ಪೂರ್ತಿ ಹೊಂದೋದಿಲ್ಲ. ಮಾಲೀಕತ್ವದ ಪಾಠ ಮಾತ್ರ ಪೂರ್ತಿ ಹೊಂದುತ್ತದೆ.

ಹತ್ತಿರದ ಉದಾಹರಣೆ ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ್ದು. ಅಲ್ಲಿನ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಣ್ಣುಮಕ್ಕಳು 2018ರಲ್ಲಿ ಸಂಘ ಕಟ್ಟಿ, ಸಿರಿಧಾನ್ಯದ ಬೀಜ ಬ್ಯಾಂಕ್ ಮಾಡಿ, ಆಮೇಲೆ ಸಂಸ್ಕರಣೆ ಘಟಕವನ್ನೂ ತಾವೇ ನಡೆಸಿದರು. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಈ ಸಂಘಕ್ಕೆ ಬಂತು. ಪ್ರಶಸ್ತಿಗಿಂತ ನನಗೆ ಮುಖ್ಯ ಅನಿಸಿದ್ದು ಅವರು ಬೀಜದಿಂದ ಶುರು ಮಾಡಿದ್ದು. ಬೀಜ ಕೈಯಲ್ಲಿದ್ದರೆ ಹೊಲ ಜೊತೆಗಿರುತ್ತದೆ. ಹೊಲ ಜೊತೆಗಿದ್ದರೆ ಘಟಕಕ್ಕೆ ಕಾಳು ತಪ್ಪೋದಿಲ್ಲ.

ಬಾಳೆ ಬೆಳೆಗಾರರಿಗೂ ಒಂದು ಉದಾಹರಣೆ ಇದೆ. 2021ರಲ್ಲಿ ಬೆಲೆ ಬಿದ್ದಾಗ 'ಅಡಿಕೆ ಪತ್ರಿಕೆ'ಯ ಶ್ರೀ ಪಡ್ರೆ ಅವರು 'ಬಾಕಾಹು', ಅಂದರೆ ಬಾಳೆಕಾಯಿ ಹುಡಿಯ ಆಂದೋಲನ ಶುರು ಮಾಡಿಸಿದರು. ಮಲೆನಾಡು, ಕರಾವಳಿಯ ಗೃಹಿಣಿಯರು ಕಾಯಿ ಹೆಚ್ಚಿ, ಒಣಗಿಸಿ, ಬೀಸಿ, ಅಡುಗೆಯ ಹೊಸ ಹೊಸ ಪ್ರಯೋಗಗಳನ್ನ ವಾಟ್ಸಾಪ್‌ನಲ್ಲೇ ಹಂಚಿಕೊಂಡರು. ಕೋಟಿ ಬಂಡವಾಳ ಬೇಕಾಗಲಿಲ್ಲ. ನಮ್ಮ ಕಡೆ ಬಿಸಿಲಿಗಂತೂ ಬರ ಇಲ್ಲ, ಒಣಗಿಸೋದು ಇನ್ನೂ ಸುಲಭ.

ಎರಡು ಆಕ್ಷೇಪ

"ಅಧಿಕಾರಿ ವರ್ಗಾವಣೆ ಆದ ಮರುದಿನ ಇದೆಲ್ಲ ಮುಚ್ಚಿಹೋಗ್ತದ" ಅಂತ ಕೆಲವರು ಹೇಳ್ತಾರೆ. ಆ ಭಯ ಸುಳ್ಳಲ್ಲ. ಅದಕ್ಕೇ ಪ್ರತಿ ಸದಸ್ಯೆ ಈಗಲೇ ಮೂರು ಕೇಳಬೇಕು: ಬ್ರ್ಯಾಂಡ್ ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ? ಆನ್‌ಲೈನ್ ಆರ್ಡರ್ ಬರೋ ಫೋನ್ ನಂಬರು, ಪಾಸ್‌ವರ್ಡ್ ಯಾರ ಹತ್ತಿರ ಇದೆ? ಬ್ಯಾಂಕಿನ ಚೆಕ್ಕಿಗೆ ಸಹಿ ಯಾರದು? ಈ ಮೂರೂ ಸಂಘದ ಹೆಣ್ಣುಮಕ್ಕಳ ಕೈಯಲ್ಲಿದ್ದರೆ ಯಾರು ಬಂದರೂ ಹೋದರೂ ಒಲೆ ಆರೋದಿಲ್ಲ. ಕೀಲಿಕೈ ಅಂದದ್ದು ಇದಕ್ಕೇ.

"ಮಷೀನ್ ಹಾಕಿದರೆ ಆಯ್ತಲ್ಲ, ಇಷ್ಟು ಜನ ಯಾಕೆ?" ಅನ್ನೋದು ಇನ್ನೊಂದು ಮಾತು. ಮಷೀನ್ ಬೇಡ ಅಂತ ನಾನು ಹೇಳೋದಿಲ್ಲ. ನಾದಿ ನಾದಿ ಮಣಿಕಟ್ಟು, ಭುಜ ಹಿಡಿದುಕೊಂಡ ಹೆಣ್ಣುಮಕ್ಕಳನ್ನ ನೋಡಿದ್ದೀನಿ. ಹೊಗೆಯಲ್ಲಿ ಕೆಮ್ಮೋರನ್ನ ನೋಡಿದ್ದೀನಿ. ನಾದೋ ಯಂತ್ರ, ಹೊಗೆ ಇಲ್ಲದ ಒಲೆ, ಹೊಗೆ ಹೊರಹೋಗೋ ಕಿಟಕಿ ಮೊದಲು ಬರಲಿ. ರೊಟ್ಟಿ ಮಾಡೋ ಯಂತ್ರವೂ ಬರಲಿ, ಆದರೆ ಸಂಘದ ಆಸ್ತಿಯಾಗಿ ಬರಲಿ. ಯಂತ್ರ ಅವಳದಾದರೆ ಬೆನ್ನು ಉಳಿಯುತ್ತದೆ. ಗುತ್ತಿಗೆದಾರನದಾದರೆ ಅವಳ ಕೆಲಸವೇ ಹೋಗುತ್ತದೆ.

ಈ ತಿಂಗಳೇ ಮಾಡಬಹುದಾದದ್ದು

ಸಂಘ ನಡೆಸೋ ಅಕ್ಕಂದಿರಿಗೆ, ಹೊಸದಾಗಿ ಶುರು ಮಾಡೋರಿಗೆ ನನ್ನ ಸಲಹೆ ಇಷ್ಟು:

1. ಒಂದು ವಾರ ತಾಸಿನ ಲೆಕ್ಕ ಬರೆದಿಡಿ. ಜೋಳ, ಉರುವಲು, ಪ್ಯಾಕಿಂಗ್, ಒಡೆದದ್ದು, ದುಡಿದ ತಾಸು, ಎಲ್ಲಾ. ಕೂಲಿ ಹಿಡಿಯದೆ ದರ ಹೇಳಬೇಡಿ.

2. ರೊಟ್ಟಿ ಪೂರ್ತಿ ಆರಿ, ಮುರಿದರೆ ಟಕ್ ಅನ್ನೋವರೆಗೆ ಒಣಗಿದ ಮೇಲೇ ಕವರಿಗೆ ಹಾಕಿ. ಬಿಸಿ ರೊಟ್ಟಿಯ ಉಗಿ ಒಳಗೆ ಉಳಿದರೆ ಬೂಷ್ಟು ಬರುತ್ತದೆ. ದೂರ ಕಳಿಸೋದಕ್ಕೆ ಗಟ್ಟಿ ರಟ್ಟಿನ ಡಬ್ಬಿ ಇರಲಿ. ತಯಾರಿಸಿದ ದಿನ ಮುದ್ರಿಸಿ.

3. ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ. ಅದಿಲ್ಲದೆ ಆನ್‌ಲೈನ್ ಮಾರಾಟಕ್ಕೆ, ದೊಡ್ಡ ಅಂಗಡಿಗೆ ದಾರಿಯಿಲ್ಲ.

4. 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ ಕಿರು ಆಹಾರ ಘಟಕಕ್ಕೆ ಸಾಲದ ಜೊತೆ ಯೋಜನಾ ವೆಚ್ಚದ ಶೇ. 35, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಇಟ್ಟಿದ್ದರು. ನಮ್ಮ ರಾಜ್ಯ ಇದಕ್ಕೆ ಇನ್ನಷ್ಟು ಸೇರಿಸಿತ್ತು. ಸ್ವಸಹಾಯ ಸಂಘದ ಪ್ರತಿ ಸದಸ್ಯೆಗೆ 40,000 ರೂಪಾಯಿವರೆಗೆ ಆರಂಭಿಕ ಬಂಡವಾಳವೂ ಇತ್ತು. ಅರ್ಜಿ ಹಾಕೋ ಮುಂಚೆ ಈಗಿನ ನಿಯಮ ಏನು ಅಂತ ಕೃಷಿ ಇಲಾಖೆಯಲ್ಲಿ ಕೇಳಿಕೊಳ್ಳಿ.

5. ಹಿಂಗಾರಿ ಬಿತ್ತನೆಗೆ ಮುಂಚೆ ಊರಿನ ನಾಲ್ಕು ಮಂದಿ ಜೋಳದ ರೈತರ ಜೊತೆ ಕೂತು ಮಾತಾಡಿ. ತಳಿ, ದರ, ಎಷ್ಟು ಕ್ವಿಂಟಲ್, ಯಾವಾಗ ದುಡ್ಡು, ಎಲ್ಲಾ ಹಾಳೆಯ ಮೇಲೆ ಬರಲಿ.

ಗಂಡಸರಿಗೂ ಒಂದು ಮಾತು. 2015-16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿದಾರರಲ್ಲಿ ಹೆಣ್ಣುಮಕ್ಕಳ ಪಾಲು ಶೇ. 14ರಷ್ಟು. ಕಳೆ ತೆಗೆಯೋರು, ರಾಶಿ ಮಾಡೋರು ಅವರೇ, ಪಹಣಿಯಲ್ಲಿ ಹೆಸರು ಮಾತ್ರ ಇಲ್ಲ. ಪಹಣಿ ಇಲ್ಲ ಅಂದರೆ ಸಾಲಕ್ಕೆ ಹೋದಾಗ "ಯಜಮಾನರನ್ನ ಕರಕೊಂಡು ಬಾ" ಅನ್ನಿಸಿಕೊಳ್ಳಬೇಕು. ನಾನೂ ಅನ್ನಿಸಿಕೊಂಡಿದ್ದೀನಿ. ಮನೆಯೊಳಗೇ ಸರಿ ಮಾಡಬಹುದಾದ ಕೆಲಸ ಇದು, ಜಂಟಿ ಹೆಸರು ಮಾಡಿಸಿ. ರೊಟ್ಟಿ ಆರ್ಡರ್ ಹೆಚ್ಚಿದ ದಿನ ಮನೆ ಕೆಲಸದಲ್ಲೂ ಕೈ ಹಾಕಿ. ಅವಳ ವ್ಯಾಪಾರ ಬೆಳೆದ ಹಾಗೆ ಅವಳ ನಿದ್ದೆ ಕಡಿಮೆಯಾಗೋದಾದರೆ ಅದನ್ನ ಪ್ರಗತಿ ಅಂತ ಕರೆಯೋದು ಹೇಗೆ?

ಕೆಲವೇ ತಿಂಗಳಲ್ಲಿ ಎಳ್ಳ ಅಮಾವಾಸ್ಯೆ ಬರುತ್ತದೆ. ಮನೆಮಂದಿಯೆಲ್ಲ ಬಂಡಿ ಕಟ್ಟಿ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ ತಿಂದು ಬರ್ತೀವಿ. ಅವತ್ತು ಊಟ ಮೊದಲು ಭೂತಾಯಿಗೆ, ಆಮೇಲೆ ನಮಗೆ. ಬೆಳೆದವರಿಗೂ ಬಡಿದವರಿಗೂ ಮೊದಲ ಪಾಲು ಕೊಡೋ ವ್ಯವಹಾರ ನಮಗೆ ಹೊಸದಲ್ಲ, ನಮ್ಮ ಹಬ್ಬದಲ್ಲೇ ಇದೆ. ಅದನ್ನ ಸಂಘದ ಲೆಕ್ಕದ ಪುಸ್ತಕಕ್ಕೂ ತಂದರೆ ಸಾಕು.

ನಿಮ್ಮ ಊರಿನಲ್ಲಿ ರೊಟ್ಟಿ, ಹಿಂಡಿ, ಬೇಳೆ, ಬಾಳೆ ಏನೇ ಮಾಡೋ ಮಹಿಳಾ ಸಂಘ ಇದ್ದರೆ ಅವರ ತಾಸಿನ ಲೆಕ್ಕ ಹಾಕಿ ನಮಗೆ ಬರೆದು ಕಳಿಸಿ. ಮುಂದಿನ ವಾರ ಹಿಂಗಾರಿ ಜೋಳದ ಬೀಜೋಪಚಾರದ ಬಗ್ಗೆ ಮಾತಾಡೋಣ.